ಮರಿ ಟ್ರಂಪೆಟ್ಟಿನ ಮೇಷ್ಟ್ರು

ಮೇಷ್ಟ್ರ ಮೇಲ್ದುಟಿಯ ನಡುವೆ ಕಮಾನಿನಂಥ ಒಂದು ಬಿಳಿ ಗುರುತಿತ್ತು. ಚರ್ಚಿನ ಬ್ಯಾಂಡಿನಲ್ಲಿ ಮೂವತ್ತು ವರ್ಷ ಟ್ರಂಪೆಟ್ ಊದಿ ಮೂಡಿದ ಗುರುತು. ಮುಂದಿನ ಹಲ್ಲುಗಳು ಹೋದ ಮೇಲೆ ಊದುವುದು ನಿಂತಿತ್ತು, ಗುರುತು ಉಳಿದಿತ್ತು.

ನಾನು ಅವರನ್ನು ಮೊದಲು ಕಂಡದ್ದು ಪತ್ರಿಕೆಯ ವರದಿಗಾರನಾಗಿ. ಪೀಣ್ಯದ ಸಣ್ಣ ಶೆಡ್ಡುಗಳಲ್ಲಿ ಪವರ್ ಪ್ರೆಸ್‌ಗಳ ಸದ್ದಿಗೆ ಕಾರ್ಮಿಕರ ಕಿವಿ ಹಾಳಾಗುತ್ತಿರುವ ಬಗ್ಗೆ ಬರೆಯುತ್ತಿದ್ದೆ. ತಗಡು ಒತ್ತುವ ಪ್ರೆಸ್ಸಿನ ಮುಂದೆ ನಿಂತಿದ್ದ ಅವರು ನನ್ನ ತುಟಿಯನ್ನೇ ನೋಡುತ್ತ, "ನಂಗೇನೂ ಆಗಿಲ್ಲ ಸಾರ್. ಹಂಗೇ ಬರ್ಕೊಳ್ಳಿ," ಎಂದರು. ಹಾಗೇ ಬರೆದುಕೊಂಡೆ. ಹಾಗೇ ಅಚ್ಚಾಯಿತು.

ಅಂದು ಅವರ ಪೆಟ್ಟಿಗೆಯಲ್ಲಿ, ಹಳೆಯ ಟವೆಲಿನಲ್ಲಿ ಸುತ್ತಿದ್ದ ಪುಟ್ಟ ಟ್ರಂಪೆಟ್ ಕಂಡಿತು. ಪಿಕೊಲೊ ಟ್ರಂಪೆಟ್, ಮಾಮೂಲಿ ಟ್ರಂಪೆಟ್ಟಿನ ಅರ್ಧದಷ್ಟು ಉದ್ದದ ಕೊಳವೆ, ಒಂದು ಸ್ಥಾಯಿ ಮೇಲಿನ ದನಿ. ಯಂತ್ರ ಕೂರಿಸಲು ಬಂದಿದ್ದ ವಿದೇಶಿ ಎಂಜಿನಿಯರ್ ಹೊರಡುವ ದಿನ ಅದರಲ್ಲಿ ಚರ್ಚಿನ ಒಂದು ಕೀರ್ತನೆ ಊದಿ, ಅವರಿಗೇ ಕೊಟ್ಟು ಹೋಗಿದ್ದರಂತೆ. ಆ ಕೀರ್ತನೆಯ ಕೊನೆಯ ಸಾಲನ್ನು ಮತ್ತೊಮ್ಮೆ ಕೇಳಬೇಕೆಂಬುದು ಅವರ ಆಸೆ. ಶಾಲೆಯ ಬ್ಯಾಂಡಿನಲ್ಲಿ ನಾನು ಟ್ರಂಪೆಟ್ ಊದುತ್ತಿದ್ದೆ ಎಂದೆ. "ಹಂಗಾದ್ರೆ ಶನಿವಾರ ಬನ್ನಿ. ಮರಿ ಸುಮ್ನೆ ಮಲಗೈತೆ," ಎಂದರು. ಅದನ್ನು ಅವರು ಕರೆಯುತ್ತಿದ್ದುದೇ ಮರಿ ಎಂದು.

ಶನಿವಾರ ಅವರ ಪ್ರೆಸ್ ಬೇಗ ನಿಲ್ಲುತ್ತಿತ್ತು. ಪಕ್ಕದ ಶೆಡ್ಡಿನದು ಮಧ್ಯಾಹ್ನ ಒಂದು ಗಂಟೆಯ ಸೈರನ್‌ವರೆಗೆ ಬಡಿಯುತ್ತಿತ್ತು. ಆ ಬಡಿತದಲ್ಲಿ ನನ್ನ ಅಭ್ಯಾಸ. ಅದು ನಿಂತ ಕೂಡಲೇ ಕೊನೆಯ ಸಾಲನ್ನು ಒಂದೇ ಒಂದು ಸಲ ಊದಬೇಕು. "ತಪ್ಪೆಲ್ಲ ಸದ್ದಿರೋವಾಗ್ಲೇ ಮಾಡ್ಕೊಂಬಿಡಿ," ಎನ್ನುತ್ತಿದ್ದರು. ಮೇಲಿನ ಸ್ವರಕ್ಕಾಗಿ ನಾನು ಟ್ರಂಪೆಟ್ಟನ್ನು ತುಟಿಗೆ ಒತ್ತಿ ಹಿಡಿದರೆ ರೇಗುತ್ತಿದ್ದರು. "ಒತ್ಬೇಡ ಕಣಯ್ಯ, ಅದು ಪ್ರೆಸ್ಸಲ್ಲ!" ಒಮ್ಮೆ ಮರಿಯನ್ನು ತೊಲೆಗೆ ದಾರ ಕಟ್ಟಿ ತೂಗುಬಿಟ್ಟು, ನನ್ನ ಕೈಗಳನ್ನು ಬೆನ್ನ ಹಿಂದೆ ಇರಿಸಿ ಊದಿಸಿದರು.

ಒಂದು ಶನಿವಾರ ಸೈರನ್ ಆದ ಮೇಲೆ ಊದಿದೆ. ಮೇಲಿನ ಸ್ವರ ಒಡೆದು ಚೂರಾಯಿತು. "ಬಂತು!" ಎಂದು ಅವರು ತಲೆಯಾಡಿಸಿದರು. ಒಮ್ಮೆ ಕೇಳಿದ್ದನ್ನು ಎರಡನೆಯ ಸಲ ಖಚಿತಪಡಿಸಿಕೊಳ್ಳುವುದು ನನ್ನ ವೃತ್ತಿಯ ಅಭ್ಯಾಸ. ಮತ್ತೆ ಊದಿದೆ. ಈ ಸಲ ಮೇಲಿನ ಸ್ವರಕ್ಕೆ ಬೆರಳು ಮಾತ್ರ ಒತ್ತಿದೆ, ಉಸಿರು ಬಿಡಲಿಲ್ಲ. "ಬಂತು, ಬಂತು," ಎಂದರು.

"ಮೇಷ್ಟ್ರೇ, ಮೇಲಿಂದು ನಿಮಗೆ ಕೇಳ್ಸಲ್ವಾ?"

ಅವರು ನನ್ನ ಕೈಯಿಂದ ಮರಿಯನ್ನು ತೆಗೆದುಕೊಂಡು ಒರೆಸತೊಡಗಿದರು. "ನಾಲ್ಕು ವರ್ಷ ಆಯ್ತು. ಮಾತು ಕೇಳ್ಸುತ್ತೆ, ಮೇಲಿಂದು ಏನೂ ಇಲ್ಲ. ಆವತ್ತು ನಿನ್ನ ಪೇಪರ್‌ಗೆ ಹೇಳಿದ್ರೆ ಮಾರನೇ ದಿನ ಮಿಷಿನ್ ಮುಂದೆ ನಿಲ್ಲಿಸ್ತಿದ್ರಾ?"

ಅವರು ಮರಿಯನ್ನು ಟವೆಲಿನಲ್ಲಿ ಸುತ್ತಿಟ್ಟರು.

"ಇನ್ಮೇಲೆ ನೀನೇ ಹೇಳು. ಬಂದ್ರೆ ಬಂತು, ಒಡೆದ್ರೆ ಒಡೀತು. ನನ್ನ ಖುಷಿಗೆ ಅಂತ ಮಾತ್ರ ಹೇಳ್ಬೇಡ."

ಪತ್ರಿಕೆಯಲ್ಲಿ ತಿದ್ದುಪಡಿ ಹಾಕಿದ್ದರೆ ಅವರ ಕೆಲಸ ಹೋಗುತ್ತಿತ್ತು. ಹಾಕಲಿಲ್ಲ. ಅವರಿಗೇನೂ ಆಗಿಲ್ಲ ಎಂಬ ಸಾಲು ನಮ್ಮ ಪತ್ರಿಕೆಯ ಹಳೆಯ ಸಂಚಿಕೆಯಲ್ಲಿ ಇಂದಿಗೂ ಹಾಗೆಯೇ ಇದೆ. ಅದು ಸುಳ್ಳು ಎಂದು ಇಲ್ಲಿ ದಾಖಲಿಸುತ್ತಿದ್ದೇನೆ.

ಅಲ್ಲಿಂದ ಪ್ರತಿ ಶನಿವಾರ ಊದಿದ ಮೇಲೆ ನಾನು ವರದಿ ಒಪ್ಪಿಸಬೇಕಿತ್ತು. ತಿಂಗಳುಗಟ್ಟಲೆ ಅದೇ ವರದಿ: "ಒಡೀತು ಮೇಷ್ಟ್ರೇ." ಅವರು ನನ್ನ ತುಟಿ, ಭುಜ, ಕತ್ತಿನ ನರ ನೋಡಿ ಕಾರಣ ಹುಡುಕುತ್ತಿದ್ದರು. ಹೆಚ್ಚಾಗಿ ಅವರ ಊಹೆಯೇ ಸರಿಯಿರುತ್ತಿತ್ತು.

ಸ್ವರ ಬಂದ ದಿನ ಅವರ ಬೆರಳು, ಕಂಪನ ಹಿಡಿಯಲು, ಮರಿಯ ಅಗಲ ಬಾಯಿಯ ಅಂಚಿನ ಮೇಲಿತ್ತು.

"ಬಂತು ಮೇಷ್ಟ್ರೇ."

"ಸುಳ್ಳಲ್ಲ ತಾನೇ?"

"ಅಲ್ಲ."

ಅವರು ಕಣ್ಣು ಮುಚ್ಚಿದರು. "ಇನ್ನೊಂದ್ಸಲ."

ಕೆಲಸದಿಂದ ನಿವೃತ್ತರಾದ ಮರುವರ್ಷ ಅವರು ತೀರಿಕೊಂಡರು. ಸಮಾಧಿಯ ಬಳಿ ಊದಲು ಅವರ ಹೆಂಡತಿ ಮರಿಯನ್ನು ನನ್ನ ಕೈಗಿಟ್ಟರು. ಕೊನೆಯ ಸಾಲಿನಲ್ಲಿ ಮೇಲಿನ ಸ್ವರ ಒಡೆಯಿತು. "ಚೆನ್ನಾಗಿತ್ತಪ್ಪಾ," ಎಂದರು ಆಕೆ. ಸುತ್ತಲಿದ್ದವರೂ ಹೌದೆಂದು ತಲೆಯಾಡಿಸಿದರು.

ನಾನು ಗುಂಡಿಯ ಅಂಚಿನಲ್ಲಿ ಬಾಗಿ, "ಒಡೀತು ಮೇಷ್ಟ್ರೇ," ಎಂದೆ. ತುಟಿಯ ಮೇಲಿನ ಒತ್ತಡ ಸಡಿಲಿಸಿ ಮತ್ತೆ ಊದಿದೆ. ಈ ಸಲ ಬಂತು. ಅದನ್ನೂ ಹೇಳಿದೆ.