ನಗಿಸುತ್ತಿದ್ದ ಇಂಗ್ಲಿಷ್ ಸರ್

ಗುರುಗುಂಟಾದಲ್ಲಿ ನಮಗೆ ಹೈಸ್ಕೂಲ್ ಇಂಗ್ಲಿಷ್ ಕಲಿಸಿದ ಸರ್ ಲಿಂಗಸುಗೂರಿನ ಬಾಡಿಗೆ ಖೋಲಿಯಲ್ಲಿ ಒಬ್ಬರೇ ಇದ್ದು, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಗ್ರಾಮರ್ ಪಾಠದಲ್ಲಿ ಅವರು ಕಂಡಕ್ಟರಾಗಿ, ಎಮ್ಮೆಯಾಗಿ, ಮುನಿಸಿಕೊಂಡ ಬೀಗರಾಗಿ ಇಂಗ್ಲಿಷ್ ಮಾತಾಡುತ್ತಿದ್ದರು. ‘ನಗ್ರಿ, ನಕ್ಕೋರಿಗೆ ಇಂಗ್ಲಿಷ್ ಕಚ್ಚಂಗಿಲ್ಲ’ ಎನ್ನುವುದು ಅವರ ಮಾತು.

ಒಂದು ದಿನ ವಿಡಂಬನೆ ಅಂದರೇನೆಂದು ವಿವರಿಸಿ, ‘ಈಗ ನನ್ನ ಅಣಕಿಸ್ರಿ. ಆದ್ರ ಇಂಗ್ಲಿಷಿನಾಗ’ ಅಂದರು.

ಗೆಳತಿ ರಜಿಯಾ ಎದ್ದು, ಥೇಟ್ ಅವರಂತೆಯೇ ಬ್ಯಾಗನ್ನು ಎದೆಗವಚಿಕೊಂಡು ಕೂತಳು. ‘ಬಸ್ ಕಮ್, ಐ ನೋ ಗೋ. ಬಸ್ ಗೋ, ಐ ಸಿಟ್. ರೂಮ್ ನೋಬಡಿ.’

ಕ್ಲಾಸೆಲ್ಲ ಗೊಳ್ಳೆಂದಿತು. ಬಂದ ಬಸ್ಸುಗಳನ್ನೆಲ್ಲ ಬಿಟ್ಟು, ಸರ್ ಕತ್ತಲಾಗುವವರೆಗೆ ಬಸ್‌ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಹರಟುವುದನ್ನು ಊರೇ ನೋಡಿತ್ತು. ಎಲ್ಲರಿಗಿಂತ ಜೋರಾಗಿ ಅವರೇ ನಕ್ಕರು.

‘ಶಾಬಾಸ್! ಖರೇ ಹೇಳಿದ್ದಕ್ಕ ನಗು ಬಂತು ನೋಡ್ರಿ’ ಎನ್ನುತ್ತ, ಅವಳ ವಾಕ್ಯಗಳನ್ನು ಬೋರ್ಡಿನ ಮೇಲೆ ತಿದ್ದಿ ಬರೆದರು. ಬರೆದು ಮುಗಿದರೂ ನಮ್ಮ ಕಡೆ ತಿರುಗಲು ಸ್ವಲ್ಪ ಹೊತ್ತು ಹಿಡಿಯಿತು.

ಸಂಜೆ ನಾವು ಬಸ್‌ ಸ್ಟ್ಯಾಂಡ್ ಮುಂದೆ ಹಾಯುವಾಗ ಲಿಂಗಸುಗೂರು ಬಸ್ಸು ಬಂತು. ಸರ್ ತಕ್ಷಣ ಹತ್ತಿದರು. ರಜಿಯಾ ಓಡಿದಳು.

‘ಸರ್, ಇಳೀರಿ. ಮುಂದಿನ ಬಸ್ಸಿಗೆ ಹೋಗೀರಂತ.’

‘ಕೆಲಸ ಐತವ್ವಾ’ ಎಂದು ಕಿಟಕಿಯಿಂದ ಕೈಬೀಸಿದರು.

ಆಮೇಲೆ ಅವರು ಬಂದ ಬಸ್ಸನ್ನು ಎಂದೂ ಬಿಡಲಿಲ್ಲ.