ತೊಟ್ಟಿಲ ಹೆಸರು

ಅಜ್ಜಂಪುರದ ತೆಂಗು ಬೆಳೆಗಾರರ ಸಂಘದ ಕಂಪ್ಯೂಟರಿನಲ್ಲಿ ಹಳೆಯ ಬ್ಯಾಕಪ್ ಅಳಿಸುವ ಕೆಲಸ ಧನಪಾಲನದು. ಹೊಸದನ್ನು ತೆರೆದು ನೋಡದೆ ಹಳೆಯದನ್ನು ಮುಟ್ಟುವವನಲ್ಲ. ಅಳಿಸಿದವರ ಹೆಸರು ಕಂಪ್ಯೂಟರಿನಲ್ಲೇ ದಾಖಲಾಗುತ್ತದೆ. ಈಗ ಆಡಿಟರು ಕೇಳಿದ ವರ್ಷದ ಬ್ಯಾಕಪ್ಪೇ ಮಾಯವಾಗಿತ್ತು; ದಾಖಲೆಯಲ್ಲಿದ್ದದ್ದು ಅವನ ಹೆಸರು. ಅಳಿಸಿದ್ದೆಂದು ತೋರಿಸುತ್ತಿದ್ದ ದಿನ ಅವನು ರಜೆ ಹಾಕಿ ತರೀಕೆರೆಗೆ ಹೋಗಿದ್ದ.

“ಪಾಸ್‌ವರ್ಡ್ ನಿಂದೇ ಅಲ್ವೇನಪ್ಪಾ, ಬೇರೆಯವ್ರಿಗೆ ಹೆಂಗೆ ಗೊತ್ತಾಯ್ತದೆ?” ಎಂದರು ಕಾರ್ಯದರ್ಶಿ ವಿಮಲಮ್ಮ, ಆಡಿಟರ ಎದುರಿಗೇ, ಒಂದಿಷ್ಟೂ ಅಳುಕಿಲ್ಲದೆ.

ಅಕ್ಕಾ ಎನ್ನಲು ಬಾಯಿ ತೆರೆದ ಧನಪಾಲ ಅಲ್ಲೇ ತಡೆದುಕೊಂಡ. ಪಾಸ್‌ವರ್ಡ್ ಅವನ ಮಗಳ ತೊಟ್ಟಿಲ ಹೆಸರು. ಮನೆಯಲ್ಲೂ ಯಾರೂ ಹಾಗೆ ಕೂಗುವುದಿಲ್ಲ. ಅಕ್ಕತಂಗಿಯರಿಲ್ಲದ ಅವನ ಮನೆಗೆ ಸೋದರತ್ತೆಯಾಗಿ ಬಂದು, ಮಗುವಿನ ಕಿವಿಯಲ್ಲಿ ಆ ಹೆಸರನ್ನು ಉಸುರಿದವರು ಇದೇ ವಿಮಲಮ್ಮ.