ಯಾರ ಹೊಲಕ್ಕೆ

ಮಾಮಿಯ ಬೆನ್ನಿಗೆ ಮುಲಾಮು ಹಚ್ಚುವ ಕೆಲಸ ನನ್ನ ಪಾಲಿಗೆ ಬಂದದ್ದು, ಮನೆಯಲ್ಲಿ ಅವರನ್ನು ಬಿಟ್ಟರೆ ನಾನೊಬ್ಬಳೇ ಹೆಣ್ಣುಮಗಳಾಗಿದ್ದ ಕಾರಣಕ್ಕೆ. ಮಾಮಿ ಎಂದರೆ ನನ್ನ ಸೋದರಮಾವನ ಹೆಂಡತಿ. ಮಾವ ತೀರಿಕೊಂಡ ಮೇಲೆ ಸದಾಶಿವ ಪೇಠದ ಆ ಮನೆಯಲ್ಲಿ ಅವರೂ, ಬಟ್ಟೆಯಂಗಡಿ ನೋಡಿಕೊಳ್ಳುವ, ನಾನು ಅಣ್ಣ ಎಂದು ಕರೆಯುವ ಅವರ ಮಗನೂ ಇದ್ದರು. ಸಂಶೋಧನೆಗೆಂದು ಪುಣೆಗೆ ಬಂದ ನಾನು ಮೂರನೆಯವಳಾಗಿ ಸೇರಿಕೊಂಡಿದ್ದೆ. ನಮ್ಮ ಪ್ರಯೋಗಾಲಯದಲ್ಲಿ ಅಭ್ಯಾಸ ಮಾಡುವುದು ಕರುಳಿನ ಹುಳುಗಳನ್ನು, ಅವುಗಳೊಡನೆ ದೇಹದ ರಕ್ಷಣಾ ವ್ಯವಸ್ಥೆ ಮಾಡಿಕೊಳ್ಳುವ ವಿಚಿತ್ರ ರಾಜಿಯನ್ನು. ಸಂಜೆ ನಾನು ಬಾಗಿಲಲ್ಲಿ ಚಪ್ಪಲಿ ಬಿಡುವ ಹೊತ್ತಿಗೇ ಒಳಗಿನಿಂದ ಮಾತು ಬರುತ್ತಿತ್ತು:

"ಹುಳದ ಡಾಕ್ಟ್ರು ಬಂದ್ರು. ಮೊಣಕೈತನಕ ತೊಳಕೋ. ಆಮ್ಯಾಲೆ ಉಪ್ಪಿನಕಾಯಿ ಭರಣಿ ಮುಟ್ಟು."

ಆ ಚಳಿಗಾಲದಲ್ಲಿ ಮಾಮಿಯ ಮೈಮೇಲೆ ನೀರುಗುಳ್ಳೆಗಳು ಎದ್ದವು. ಮೊದಲು ತೋಳಿನಲ್ಲಿ, ಆಮೇಲೆ ಬೆನ್ನಿನಲ್ಲಿ, ಕೊನೆಗೆ ಅಂಗೈಯಲ್ಲಿ. ದೇಹವು ತನ್ನದೇ ಚರ್ಮವನ್ನು ಪರಕೀಯವೆಂದು ಎಣಿಸಿ ಅದರ ಮೇಲೆ ಬೀಳುವ ರೋಗ ಅದು. ಶಿವಾಜಿನಗರದ ಆಸ್ಪತ್ರೆಗೆ ನಾನೂ ಅಣ್ಣನೂ ಅವರನ್ನು ಕರೆದುಕೊಂಡು ಹೋದೆವು. ಸ್ಟೆರಾಯ್ಡ್ ಗುಳಿಗೆ ಕೊಡಬೇಕಾಗುತ್ತದೆ ಎಂದು ವೈದ್ಯೆ ಹೇಳಿದರು. ರಕ್ತದಲ್ಲಿ ಒಂದು ಬಗೆಯ ಬಿಳಿಕಣ ಏರಿತ್ತು. ಈ ಚರ್ಮರೋಗದಲ್ಲೂ ಅದು ಏರುತ್ತದೆ, ಹೊಟ್ಟೆಯಲ್ಲಿ ಹುಳುವಿದ್ದರೂ ಏರುತ್ತದೆ. ಆದ್ದರಿಂದ ಅವರು ಮರಾಠಿಯಲ್ಲಿ ಒಂದು ಮಾತು ಕೇಳಿದರು: ಚಿಕ್ಕಂದಿನಲ್ಲಿ ಬರಿಗಾಲಲ್ಲಿ ಹೊಲದ ಕೆಲಸ ಮಾಡಿದ್ದುಂಟೇ?

"ಆಮ್ಚೀ ಶೇತೀ ನವ್ಹತೀ" ಎಂದರು ಮಾಮಿ. ನಮಗೆ ಹೊಲ ಇರಲಿಲ್ಲ.

"ಹೊಲಗಿಲ ಎಲ್ಲಿದು, ಡಾಕ್ಟರ್? ನಾವು ವ್ಯಾಪಾರದ ಮಂದಿ" ಎಂದು ಅಣ್ಣನೂ ಮರಾಠಿಯಲ್ಲಿ ನಕ್ಕ. ವೈದ್ಯೆ ತಲೆಯಾಡಿಸಿದರು. ಸಕ್ಕರೆ, ರಕ್ತದೊತ್ತಡ ನೋಡಿಕೊಂಡು ಸೋಮವಾರದಿಂದ ಗುಳಿಗೆ ಶುರು ಮಾಡುವುದೆಂದು ತೀರ್ಮಾನವಾಯಿತು.

ಆ ಪ್ರಶ್ನೆ ಏಕೆ ಬಂತೆಂದು ನನಗೆ ಗೊತ್ತಿತ್ತು. ಹಸಿ ಮಣ್ಣಿನಲ್ಲಿ ಬರಿಗಾಲಿನ ಚರ್ಮ ತೂರಿ ಒಳಹೋಗುವ ಒಂದು ಹುಳುವಿದೆ. ನೂಲಿನ ಎಳೆಗಿಂತ ಸಣ್ಣದು. ಕರುಳಿನಲ್ಲಿ ನೆಲೆಯೂರಿ, ಅಲ್ಲಿಯೇ ಸಂತಾನ ಬೆಳೆಸಿಕೊಂಡು, ಮನುಷ್ಯ ಬದುಕಿರುವಷ್ಟು ಕಾಲವೂ ಇದ್ದುಬಿಡುತ್ತದೆ. ದೇಹ ಅದನ್ನು ಕೊಲ್ಲುವುದಿಲ್ಲ, ಮಿತಿ ಮೀರಲೂ ಬಿಡುವುದಿಲ್ಲ. ಸ್ಟೆರಾಯ್ಡ್ ಆ ಕಾವಲನ್ನು ತೆಗೆದುಬಿಡುತ್ತದೆ. ಆಗ ಹುಳು ಕರುಳು ಬಿಟ್ಟು ಶ್ವಾಸಕೋಶಕ್ಕೆ, ರಕ್ತಕ್ಕೆ, ಮಿದುಳಿಗೆ ಹರಡುತ್ತದೆ. ಹಾಗೆ ಹರಡಿದ ಮೇಲೆ ಉಳಿದವರು ಕಡಿಮೆ.

ಆದರೆ ಮಾಮಿ ಇಲ್ಲವೆಂದಿದ್ದರು. ನಾನೂ ಅದನ್ನು ಇಲ್ಲವೆಂದೇ ಕೇಳಿಸಿಕೊಂಡಿದ್ದೆ.

ಶುಕ್ರವಾರ ಬೆಳಿಗ್ಗೆ ಮುಲಾಮು ಹಚ್ಚುವಾಗ ಅವರ ಸೊಂಟದ ಎಡಗಡೆ ಒಂದು ಕೆಂಪು ಗೆರೆ ಕಂಡಿತು. ಗುಳ್ಳೆಯಲ್ಲ. ಅಂಕುಡೊಂಕಾದ, ಸ್ವಲ್ಪ ಉಬ್ಬಿದ ಗೆರೆ. "ಲಂಗದ ಲಾಡಿ ಬಿಗಿ ಆಗಿ ಬೀಳ್ತದ. ಎಷ್ಟೋ ವರ್ಷದಿಂದ ಅದ. ಬರ್ತದ, ಹೋಗ್ತದ" ಎಂದರು. ಲಾಡಿ ಕಟ್ಟುವ ಜಾಗ ಅದಕ್ಕಿಂತ ಮೇಲಿತ್ತು. ಸಂಜೆ ಮತ್ತೆ ನೋಡಿದಾಗ ಗೆರೆ ಅಲ್ಲಿರಲಿಲ್ಲ, ತೊಡೆಯ ಕಡೆಗೆ ಸರಿದಿತ್ತು. ಲಾಡಿಯ ಗುರುತು ನಡೆಯುವುದಿಲ್ಲ, ಚರ್ಮದಡಿ ತೆವಳುವ ಹುಳುವಿನದು ನಡೆಯುತ್ತದೆ.

ಆಗ ನನಗೆ ವಿಮಾನ ನಗರದ ಹೆಂಗಸರ ನಗು ನೆನಪಾಯಿತು. ಅಲ್ಲಿ ಏಳುತ್ತಿದ್ದ ಕಟ್ಟಡಗಳ ಹಿಂದಿನ ತಗಡಿನ ಶೆಡ್ಡುಗಳಲ್ಲಿ ಯಾದಗಿರಿ, ರಾಯಚೂರು ಕಡೆಯ ಕೂಲಿಕಾರರ ಕುಟುಂಬಗಳಿದ್ದವು. ಮಲ ಪರೀಕ್ಷೆಯ ಡಬ್ಬಿ ಹಂಚಲು ನಮ್ಮ ತಂಡ ಹೋಗುತ್ತಿತ್ತು. ಕನ್ನಡ ಬರುತ್ತಿದ್ದವಳು ನಾನೊಬ್ಬಳೇ ಆದ್ದರಿಂದ ಕೇಳುವವಳೂ ನಾನೇ. ಅವರು ನನ್ನನ್ನು ಡಬ್ಬಿ ಅಕ್ಕ ಎನ್ನುತ್ತಿದ್ದರು. ಮೊದಮೊದಲು, ನಿಮಗೆ ಹೊಲ ಉಂಟೇ, ಹೊಲದ ಕೆಲಸ ಉಂಟೇ ಎಂದು ಕೇಳುತ್ತಿದ್ದೆ. ಎಲ್ಲರೂ ಇಲ್ರಿ ಎನ್ನುತ್ತಿದ್ದರು. ಒಂದು ದಿನ ಒಬ್ಬಳು, "ಹೊಲ ಇದ್ದಿದ್ರ ಇಲ್ಲಿ ಸಿಮೆಂಟ್ ಹೊರಾಕ ಯಾಕ ಬರ್ತಿದ್ವಿ, ಡಬ್ಬಿ ಅಕ್ಕಾ? ನೀ ಕೊಡಸ್ತಿಯೇನು ಒಂದೆಕರೆ?" ಎಂದಳು. ಪಕ್ಕದವಳು, "ಒಂದು ಡಬ್ಬಿಗೆ ಒಂದೆಕರೆ ಅಂದ್ರ ನಾ ದಿನಾ ಕೊಡ್ತೀನಿ ಬಿಡು" ಎಂದಳು. ಎಲ್ಲರೂ ಬಾಯಿಗೆ ಸೆರಗು ಹಚ್ಚಿಕೊಂಡು ನಕ್ಕರು. ಅಂದಿನಿಂದ ನಾನು ಪ್ರಶ್ನೆಯನ್ನು ಬದಲಿಸಿದ್ದೆ. ಯಾರ ಹೊಲಕ್ಕ ಹೋಗ್ತಿದ್ರಿ ಎಂದು ಕೇಳುತ್ತಿದ್ದೆ.

ಮಾಮಿಯ ತವರಿನ ಬಗ್ಗೆ ಮನೆಯಲ್ಲಿ ಮಾತಿರಲಿಲ್ಲ. ಅಲ್ಲಿ ಯಾರೂ ಉಳಿದಿಲ್ಲ ಎಂಬುದಷ್ಟೇ ಎಲ್ಲರಿಗೂ ಗೊತ್ತಿತ್ತು. ಅಣ್ಣನಿಗೆ ಹೆಣ್ಣು ನೋಡುತ್ತಿದ್ದ ದಿನಗಳವು. ಬೀಗರಾಗಬಹುದಾದವರು ತವರು ಯಾವುದೆಂದು ವಿಚಾರಿಸಿದಾಗ ಮಾಮಿ ತಾಲ್ಲೂಕಿನ ಹೆಸರು ಹೇಳಿ ಚಹಾದ ಕಡೆಗೆ ಮಾತು ತಿರುಗಿಸುತ್ತಿದ್ದರು. ಇನ್ನೊಬ್ಬರ ಬದುಕನ್ನು ಕೆದಕುವುದು ನನ್ನ ಸ್ವಭಾವವಲ್ಲ. ನನ್ನದನ್ನು ಕೆದಕಿದರೆ ನನಗೆ ಹಿಡಿಸುವುದೂ ಇಲ್ಲ. ಇಡೀ ಶನಿವಾರ ಸುಮ್ಮನಿದ್ದೆ.

ಭಾನುವಾರ ಅಣ್ಣ ಹೊರಗೆ ಹೋಗಿದ್ದ. ಮಾಮಿಯ ಅಂಗೈಯಲ್ಲಿ ಗುಳ್ಳೆಗಳಿದ್ದುದರಿಂದ ಜೋಳದ ರೊಟ್ಟಿ ಬಡಿಯುತ್ತಿದ್ದವಳು ನಾನು. ಅವರು ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದರು.

"ಇದು ರೊಟ್ಟಿಯೇನು ಮಹಾರಾಷ್ಟ್ರದ ನಕಾಶೆಯೇನು?"

ನಾನು ಅದನ್ನು ಹಂಚಿಗೆ ಹಾಕಿದೆ. ಅವರ ಕಡೆ ತಿರುಗದೆಯೇ ಕೇಳಿದೆ. "ಮಾಮಿ, ಸಣ್ಣವರಿದ್ದಾಗ ಯಾರ ಹೊಲಕ್ಕ ಹೋಗ್ತಿದ್ರಿ?"

"ರೊಟ್ಟಿ ಹೊತ್ತತದ ನೋಡು" ಎಂದರು.

ತಿರುವಿ ಹಾಕಿದೆ.

"ಕಾಲುವಿ ಕೆಳಗಿನ ಗದ್ದಿಗೆ" ಎಂದರು ಆಮೇಲೆ. "ಧಣೇರ ಹೆಸರ ಹೇಳಿದ್ರ ನಿನಗೇನ ತಿಳೀತದ? ಅಪ್ಪ ಹೋದ ಮ್ಯಾಲೆ ಅವ್ವ ಸಸಿ ಹಚ್ಚಾಕ ಹೊಂಟ್ಲು. ಹಿಂದಿಂದ ನಾವಿಬ್ರು ಅಕ್ಕ-ತಂಗಿ. ನಮ್ಮಂಥಾ ಮನಿತನದಾಗ ಹೆಣ್ಣುಮಕ್ಕಳು ಕೂಲಿಗೆ ಹೋಗೂದಂದ್ರ ಏನಂತ ತಿಳದಿ? ಕತ್ತಲಿರತ ಹೋಗಿ ಕತ್ತಲಾದ ಮ್ಯಾಲೆ ಬರ್ತಿದ್ವಿ, ಯಾರೂ ನೋಡಬಾರದಂತ. ನಿಮ್ಮ ಮಾಮಾ ಕನ್ಯಾ ನೋಡಾಕ ಬಂದಾಗ ಅವ್ವ ಹುಣಸಿಹಣ್ಣು ಹಚ್ಚಿ ನನ್ನ ಕಾಲಿನ ಉಗುರು ತಿಕ್ಕಿದ್ಲು. ಕೆಸರಿನ ಕರಿ ಹೋಗಲೇ ಇಲ್ಲ. ಸೀರಿ ಇಳಬಿಟ್ಟು ಕೂಡಿಸಿದ್ಲು. ಅವರಿಗೂ ಹೇಳಲಿಲ್ಲ, ನಾ, ಕಡೀತನಕ."

ನಾನು ಒಲೆ ಆರಿಸಿದೆ. ಹುಳುವಿನ ವಿಷಯವನ್ನು ಇದ್ದದ್ದಿದ್ದಂತೆ ಹೇಳಿದೆ.

"ಅದು ಇದ್ದು, ನಾಳಿಂದ ಆ ಗುಳಿಗಿ ತಗೊಂಡ್ರ ಸಾಯ್ತೀನೇನು?"

"ಸಾಯಬಹುದು, ಮಾಮಿ."

"ಸಾಯಬಹುದು." ಅವರು ಸ್ವಲ್ಪ ನಕ್ಕರು. "ಬ್ಯಾರೆ ಹುಡುಗ್ಯಾರಾಗಿದ್ರ, ಛೆ ಛೆ, ಹಂಗೇನಿಲ್ಲ ಅಂತಿದ್ರು."

"ಪರೀಕ್ಷಾ ಮಾಡಿಸೋಣ್ರಿ."

"ಮನ್ಯಾಗ ಗೊತ್ತಾಗಬಾರದು. ಅವಗ ಹೆಣ್ಣು ಕೊಡೋ ಮಂದಿಗೆ, ಅತ್ತಿ ಹೊಟ್ಟ್ಯಾಗ ಗದ್ದಿ ಹುಳ ಅದ ಅಂತ ಗೊತ್ತಾದ್ರ ನಾ ಎಲ್ಲಿ ಮಾರಿ ಇಟ್ಟುಕೊಳ್ಳಲಿ?"

"ಡಾಕ್ಟರಿಗೆ ಹೇಳಬೇಕು. ಬ್ಯಾರೆ ಯಾರಿಗೂ ನಾ ಹೇಳೂದಿಲ್ಲ."

ಅವರ ಎದುರೇ ವೈದ್ಯೆಗೆ ಫೋನ್ ಮಾಡಿದೆ. ವೈದ್ಯೆ ಗುಳಿಗೆಯನ್ನು ತಡೆಹಿಡಿದು ಪರೀಕ್ಷೆ ಬರೆದು ಕಳಿಸಿದರು. ಆ ಹುಳುವಿನ ಪರೀಕ್ಷೆಗೆ ಅವರ ಆಸ್ಪತ್ರೆಯವರು ನಮ್ಮಲ್ಲಿಗೇ ಕಳಿಸುವುದು ವಾಡಿಕೆ. ನನ್ನ ಗೈಡ್‌ಗೆ ವಿಷಯ ತಿಳಿಸಿದಾಗ ಅವರು, "ಪರೀಕ್ಷೆಯ ತಟ್ಟೆಯನ್ನು ನೀನು ಓದಬೇಡ. ಬೇರೆಯವರು ಓದಲಿ. ಯಾರದೆಂದು ಅವರಿಗೆ ಗೊತ್ತಿರಬಾರದು" ಎಂದರು. ನಾನೂ ಅದನ್ನೇ ಕೇಳಬೇಕೆಂದಿದ್ದೆ.

ಸೋಮವಾರ ಬೆಳಿಗ್ಗೆ ಬಚ್ಚಲ ಹತ್ತಿರ ಒಂದು ಕೈಚೀಲ ತೂಗುಹಾಕಿತ್ತು. ಡಬ್ಬಿಯ ಸುತ್ತ ಒಂದರ ಮೇಲೊಂದು ಪ್ಲಾಸ್ಟಿಕ್ ಚೀಲ. ಬಾಗಿಲು ದಾಟುವಾಗ ಮಾಮಿ ನನ್ನನ್ನು ತಡೆದು, ಕೈಚೀಲ ಕಸಿದುಕೊಂಡು, ಎಲ್ಲವನ್ನೂ ಬೇರೊಂದು ಚೀಲಕ್ಕೆ ಹಾಕಿದರು. "ಅದರ ಮ್ಯಾಲೆ ಅಂಗಡಿ ಹೆಸರ ಅದ" ಎಂದರು. ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಕೂತಿದ್ದ ಒಬ್ಬ ಹೆಂಗಸು, ಈ ಊರಿನ ಸೌಜನ್ಯದಂತೆ, ಚೀಲವನ್ನು ತನ್ನ ಮಡಿಲಿಗೆ ಕೊಡಲು ಕೈ ಚಾಚಿದರು. ಬೇಡವೆಂದೆ. ಮತ್ತೆ ಚಾಚಿದರು. "ಔಷಧ, ಅಲುಗಿಸಬಾರದು" ಎಂದು ಮರಾಠಿಯಲ್ಲಿ ಹೇಳಿ ಎದೆಗೆ ಹಿಡಿದುಕೊಂಡೆ.

ಆ ಪರೀಕ್ಷೆ ಸರಳ. ಗಟ್ಟಿ ಗಂಜಿಯಂಥ ಅಗರ್ ತುಂಬಿದ ಗಾಜಿನ ತಟ್ಟೆಯ ನಡುವೆ ಮಲದ ಚೂರನ್ನಿಟ್ಟು ಮುಚ್ಚಿಡುತ್ತೇವೆ. ಹುಳುವಿದ್ದರೆ ಅದರ ಮರಿಗಳು ಹೊರಬಂದು ಅಗರ್ ಮೇಲೆ ತೆವಳುತ್ತವೆ. ಹೋದಲ್ಲೆಲ್ಲ ಬ್ಯಾಕ್ಟೀರಿಯಾಗಳನ್ನು ಎಳೆದೊಯ್ಯುತ್ತವೆ. ಒಂದೆರಡು ದಿನ ಕಳೆದರೆ, ಅವು ನಡೆದ ದಾರಿಯಲ್ಲಿ ಬ್ಯಾಕ್ಟೀರಿಯಾ ಬೆಳೆದು ಹಾದಿ ಬರಿಗಣ್ಣಿಗೇ ಕಾಣುತ್ತದೆ.

ಬುಧವಾರ ಮಧ್ಯಾಹ್ನ ನನ್ನ ಸಹೋದ್ಯೋಗಿ ಆಚೆಯ ಮೇಜಿನಿಂದ ಕರೆದಳು. "ಇಕಡೆ ಯೇ, ಬಘ. ಕಾಯ ಮಸ್ತ ಆಲಂಯ." ಎಂಥ ಚೆನ್ನಾಗಿ ಬಂದಿದೆ ನೋಡು ಎಂದು ಅವಳು ತಟ್ಟೆಯನ್ನು ದೀಪಕ್ಕೆ ಹಿಡಿದಿದ್ದಳು. ಪಾಠ ಹೇಳುವಾಗ ತೋರಿಸಲು ಬರುತ್ತದೆಂದು ಫೋಟೋ ತೆಗೆಯುತ್ತಿದ್ದಳು. ಒಳ್ಳೆಯ ತಟ್ಟೆ ಕಂಡರೆ ನಮ್ಮಲ್ಲಿ ಎಲ್ಲರಿಗೂ ಆಗುವ ಸಂತೋಷ ಅದು, ನನಗೂ ಎಷ್ಟೋ ಸಲ ಆಗಿತ್ತು. ನಡುವಿನಿಂದ ಅಂಚಿನವರೆಗೆ ಸಣ್ಣ ಗೆರೆಗಳು, ಒಂದನ್ನೊಂದು ದಾಟಿ, ಬಳಸಿ, ಹಿಂದಿರುಗಿ. ತಟ್ಟೆಯ ಮೇಲೆ ಮಾಮಿಯ ಡಬ್ಬಿಯ ಸಂಖ್ಯೆಯಿತ್ತು. ಅವರ ಸೊಂಟದ ಮೇಲಿದ್ದ ಅದೇ ಅಂಕುಡೊಂಕು. ಹೌದು, ಚೆನ್ನಾಗಿ ಬಂದಿದೆ ಎಂದೆ. ಹೊರಗೆ ಹೋಗಿ ನಲ್ಲಿಯಲ್ಲಿ ಬಹಳ ಹೊತ್ತು ಕೈ ತೊಳೆದುಕೊಂಡೆ.

ಮನೆಯಲ್ಲಿ ಮಾಮಿ ಫೋಟೋ ನೋಡಬೇಕೆಂದರು. ಗೈಡ್ ಒಪ್ಪಿಗೆ ಪಡೆದು ತಂದು ತೋರಿಸಿದೆ. ಕನ್ನಡಕ ಹಾಕಿಕೊಂಡು, ನನ್ನ ಫೋನನ್ನು ತುಸು ದೂರ ಹಿಡಿದು ನೋಡಿದರು.

"ಲಗ್ನ ಆಗಿ ಬರಬೇಕಾದ್ರ ತವರಿಂದ ಏನೂ ತರಲಿಲ್ಲ ಅಂತ ನಮ್ಮ ಅತ್ತಿ ಆಡತಿದ್ಲು" ಎಂದರು. "ತಂದಿದ್ದೆ ನೋಡು."

ಹುಳುವಿನ ಔಷಧ ಮೊದಲು ಕೊಟ್ಟರು. ತಟ್ಟೆಗಳು ಸ್ವಚ್ಛವಾಗಿ ಬಂದ ಮೇಲೆಯೇ ಸ್ಟೆರಾಯ್ಡ್. ನಡುವಿನ ದಿನಗಳು ಸುಲಭದವಲ್ಲ. ಗುಳ್ಳೆಗಳು ಹೆಚ್ಚಿದವು, ಒಡೆದ ಬೆನ್ನನ್ನು ಹಾಸಿಗೆಗೆ ತಾಗಿಸಲಾರದೆ ಅವರು ಗೋಡೆಗೆ ಭುಜ ಕೊಟ್ಟು ಕೂತಿರುತ್ತಿದ್ದರು. "ಗುಳಿಗಿ ಯಾಕ ಕೊಡವಲ್ರು? ಎಂಥಾ ಡಾಕ್ಟರ್ ಇವರು" ಎಂದು ಅಣ್ಣ ರೇಗುತ್ತಿದ್ದ. ಅವನ ಸಿಟ್ಟು ನ್ಯಾಯವಾದದ್ದೇ. ಹೊಟ್ಟೆಯಲ್ಲಿ ಸೋಂಕಿದೆ, ಅದು ಮೊದಲು ಹೋಗಬೇಕು ಎಂಬುದಕ್ಕಿಂತ ಹೆಚ್ಚಿಗೆ ನಾನು ಹೇಳಲಿಲ್ಲ. ಮಾಮಿ ನನ್ನ ಮುಖ ನೋಡುತ್ತಿದ್ದರು.

ಗುಳ್ಳೆಗಳು ಒಣಗತೊಡಗಿದ ಮೇಲೆ ಮತ್ತೆ ತೋರಿಸಲು ಹೋದೆವು. ಆ ದಿನ ಒಬ್ಬ ಕಿರಿಯ ವೈದ್ಯ ಎಲ್ಲವನ್ನೂ ಮೊದಲಿನಿಂದ ಕೇಳುತ್ತಿದ್ದ. ಹೊಲದ ಕೆಲಸ ಮಾಡಿದ್ದುಂಟೇ ಎಂಬಲ್ಲಿಗೆ ಬಂದ. ಅಣ್ಣ ಉತ್ತರಿಸಲು ಬಾಯಿ ತೆರೆದ. ನಾನು ನೆಲ ನೋಡಿದೆ.

"ಆಮ್ಚೀ ಶೇತೀ ನವ್ಹತೀ" ಎಂದರು ಮಾಮಿ, ಹಿಂದಿನ ಸಲದ ಹಾಗೆಯೇ. ಆಮೇಲೆ, ಉಸಿರು ತೆಗೆದುಕೊಂಡು, "ಲೋಕಾಂಚ್ಯಾ ಶೇತಾತ ಜಾಯಚೇ, ಭಾತ ಲಾವಾಯಲಾ." ಮಂದಿಯ ಹೊಲಕ್ಕೆ ಹೋಗುತ್ತಿದ್ದೆ, ಭತ್ತದ ಸಸಿ ನೆಡಲು.

ಕಿರಿಯ ವೈದ್ಯ ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋದ. ಅವನಿಗೆ ಅದು ಬರಿಯ ಒಂದು ಉತ್ತರ.

ರಿಕ್ಷಾದಲ್ಲಿ ಮಾಮಿ ನಡುವೆ ಕೂತಿದ್ದರು. ಶಿವಾಜಿನಗರದ ಸಿಗ್ನಲ್ಲಿನಲ್ಲಿ ರಿಕ್ಷಾ ನಿಂತು, ಹೊರಟು, ಸೇತುವೆ ದಾಟಿತು. ಅಣ್ಣ ಕಾಲನ್ನು ಒಳಗೆಳೆದುಕೊಂಡು, ತಾಯಿಯ ಪಾದಗಳಿಗೆ ಜಾಗ ಬಿಟ್ಟು ಕೂತಿದ್ದ. ಆಮೇಲೆ ರಸ್ತೆಯ ಕಡೆ ನೋಡುತ್ತಲೇ ಕೇಳಿದ.

"ಆ ಗದ್ದಿ ನೀರು ಭಾಳ ತಂಪ ಇರ್ತಿತ್ತೇನು, ಅವ್ವಾ?"

"ಮುಂಜಾನೆ ತಂಪ ಇರ್ತಿತ್ತು" ಎಂದರು ಮಾಮಿ. "ಮಧ್ಯಾಹ್ನಕ್ಕ ಬಿಸಿ ಆಗ್ತಿತ್ತು."